ಬೌರಿಂಗ್‌ಗೆ ಪಲ್ಲಕ್ಕಿಯಿಲ್ಲ

ಊರು ಕಟ್ಟಿದ ಮಹಾತ್ಮನನ್ನು ಊರೇ ಹೊತ್ತು ಮೆರೆಸುತ್ತದೆ ಎಂಬ ನಂಬಿಕೆಯನ್ನು ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಸೀಮೆ ಒರೆಗೆ ಹಚ್ಚುತ್ತದೆ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರದು. ಕೆಜಿಎಫ್ ಪಟ್ಟಣವಾಗಿ ಬೆಳೆದದ್ದು 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಗೆ ಇಳಿದ ಮೇಲೆ. ಕಾಗದಪತ್ರ ನೋಡಿದರೆ ಸ್ಥಾಪಕರು ಇವರೇ. ಆದರೂ ಬೌರಿಂಗ್‌ಗೆ ಪಲ್ಲಕ್ಕಿಯಿಲ್ಲ, ಕಂಪನಿಗೆ ತೇರಿಲ್ಲ. ಬೆಂಗಳೂರಿನ ಮಾತೂ ಹೀಗೆಯೇ. 1537ರಲ್ಲಿ ಕೋಟೆ ಕಟ್ಟಿದವನು ಕೆಂಪೇಗೌಡ. ಆದರೆ ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಯ ಜನ ನಿದ್ದೆಗೆಟ್ಟು ಕಾಯುವುದು ದ್ರೌಪದಿಗಾಗಿ. ತಿಗಳರ ಪೂಜಾರಿ ಆಕೆಯ ರೂಪವೆಂದು ನಂಬುವ ಮಲ್ಲಿಗೆಯ ಕರಗವನ್ನು ಕೈ ಸೋಕಿಸದೆ ತಲೆಯ ಮೇಲೆ ಹೊತ್ತು, ಕತ್ತಿ ಹಿರಿದ ವೀರಕುಮಾರರ ನಡುವೆ ಹೆಜ್ಜೆ ಹಾಕುತ್ತಾನೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತಾನೆ. ಬೇಲಿ ಹಾಕಿ ಜಾಗ ಗುರುತಿಸುವುದು ಒಂದು ಕೆಲಸ, ಅಲ್ಲಿರುವವರನ್ನು ಒಂದೂರಿನವರನ್ನಾಗಿ ಮಾಡುವುದು ಇನ್ನೊಂದು. ಮೊದಲನೆಯದು ಒಮ್ಮೆಗೆ ಮುಗಿಯುತ್ತದೆ. ಎರಡನೆಯದನ್ನು ವರ್ಷವರ್ಷವೂ ನಡೆದೇ ಉಳಿಸಿಕೊಳ್ಳಬೇಕು. ಮೆರವಣಿಗೆ ಮಾಡುವುದು ಈ ಎರಡನೆಯ ಕೆಲಸವನ್ನು.

ಚರಿತ್ರೆಗೆ ಸಿಗದ ಮೂಲಪುರುಷನಿಗೆ ಕೈಮುಗಿಯುವುದು ಸುಳ್ಳಿಗೆ ಕೈಮುಗಿದಂತಲ್ಲವೇ ಎಂದು ಕೇಳಬಹುದು. ಉತ್ಸವ ಇಸವಿಯ ಲೆಕ್ಕ ಒಪ್ಪಿಸುವುದಿಲ್ಲ. ಇಲ್ಲಿ ಯಾರು ಯಾರಿಗೆ ಸೇರಿದವರು ಎಂದು ಹೇಳುತ್ತದೆ. ಹಾಗಾಗಿ ಅದನ್ನು ಅಳೆಯಬೇಕಾದದ್ದು ಈ ಮಾತಿನ ಸತ್ಯದಿಂದ. ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ಬೀದಿ ಸುತ್ತುವ ದೇವರು ಎಷ್ಟೋ ಊರುಗಳಲ್ಲಿ ಕೇರಿಯ ಬಾಯಲ್ಲೇ ಹಿಂದಿರುಗಿದ್ದಾನೆ. ಇದನ್ನು ಅಲ್ಲಗಳೆಯಲಾಗದು. ಕೆಜಿಎಫ್‌ನ ಆಳಕ್ಕಿಳಿದ ಕಾರ್ಮಿಕರಲ್ಲಿ ಬಹುಪಾಲು ಉತ್ತರ ಆರ್ಕಾಟು ಕಡೆಯಿಂದ ಬಂದ ತಮಿಳು ದಲಿತರು. 20ನೇ ಶತಮಾನದ ಆರಂಭದಲ್ಲೇ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘ ಅಲ್ಲಿನ ಮಾರಿಕುಪ್ಪಂನಲ್ಲಿ ಬೇರೂರಿತು. ತಾವು ಮೂಲತಃ ಬೌದ್ಧರೆಂಬ ಪಂಡಿತರ ವಾದವನ್ನು ಒಪ್ಪಿ, ಸಂಘ ಸೇರಿದವರು ಬುದ್ಧನನ್ನೇ ಪೂರ್ವಿಕನೆಂದು ಆರಿಸಿಕೊಂಡರು. ಹೊರಗಿಟ್ಟವರ ದೇವರನ್ನು ಬಿಟ್ಟರೇ ಹೊರತು ಮೂಲಪುರುಷ ಬೇಕೆಂಬ ಹಂಬಲವನ್ನು ಬಿಡಲಿಲ್ಲ. ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೊಂದು ಷರತ್ತು ಹಾಕುತ್ತದೆ: ಎಲ್ಲರ ಬಾಗಿಲಿಗೂ ಬಾರದ ಸಂತ ಆ ಊರಿನ ಒಂದು ಭಾಗಕ್ಕಷ್ಟೇ ಸ್ಥಾಪಕ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರು ಹುಟ್ಟಿದ ಕಾರಣವೇ ಹೋದರೂ ಊರು ಹೋಗಲಿಲ್ಲ. ಊರನ್ನು ಹಿಡಿದಿಡುವುದು ಆ ಎರಡನೆಯ ಕೆಲಸವೇ. ಹಾಗಾಗಿ ಮುಂದಿನ ಉತ್ಸವದಲ್ಲಿ ಪಲ್ಲಕ್ಕಿಯ ಅಲಂಕಾರ ನೋಡುವ ಮೊದಲು, ಅದು ಯಾವ ಬೀದಿಗೆ ತಿರುಗಲಿಲ್ಲ ಎಂಬುದನ್ನು ನೋಡಿ.