ದೊಡ್ಡವಳಾದಳು ಎಂದರೆ

ನಮ್ಮ ಬೀದಿಯ ಹುಡುಗಿಯೊಬ್ಬಳು ಹತ್ತು ತುಂಬಿ ಕೆಲವೇ ತಿಂಗಳಿಗೆ ‘ದೊಡ್ಡವಳಾದಳು’. ಹಿಂದಿನ ಸಂಜೆಯವರೆಗೂ ಮನೆಯ ಮುಂದೆ ಕುಂಟೆಬಿಲ್ಲೆ ಆಡುತ್ತಿದ್ದ ಮಗು. ಅಜ್ಜಿ ಚಿಗಳಿ ಮಾಡಿ ಹಂಚಿದರು. ಬಿಲ್ಲೆ ಕಿಟಕಿಯ ಮೇಲೆ ಕುಳಿತಿತು. “ಇನ್ನು ಬೀದಿಯಲ್ಲಿ ಕುಣಿಯಬಾರದಮ್ಮ” ಎಂದರಂತೆ ಅಜ್ಜಿ. “ನಿನ್ನೆ ಇದ್ದವಳೇ ಅಲ್ಲವೇ ಅಜ್ಜಿ ನಾನು?” ಎಂದಳಂತೆ ಹುಡುಗಿ.

ಕನ್ನಡ ಪಾಠ ಹೇಳುವವನಿಗೆ ಮೊದಲು ಕಣ್ಣಿಗೆ ಬೀಳುವುದು ಮಾತು. ‘ಮೈನೆರೆದಳು’ ಎಂಬುದೂ ನಮ್ಮ ಮಾತೇ. ಅದು ಪ್ರಾಮಾಣಿಕವಾದದ್ದು, ನೆರೆದದ್ದು ಮೈ ಎಂದಷ್ಟೇ ಹೇಳುತ್ತದೆ. ‘ದೊಡ್ಡವಳಾದಳು’ ಎಂಬುದಾದರೋ ಮೈಯ ಸುದ್ದಿಯನ್ನು ಇಡೀ ವ್ಯಕ್ತಿಯ ಮೇಲೆ ಹೊರಿಸಿಬಿಡುತ್ತದೆ.

ಮೈಗೆ ಈ ಆಜ್ಞೆ ಬರುವುದು ಮಿದುಳಿನಿಂದ. ಅದರ ತಳದಲ್ಲಿರುವ ಹೈಪೊಥಲಮಸ್ಸಿನ ಕೆಲವು ನರಕೋಶಗಳು ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು ಮಿಡಿಯುತ್ತವೆ. ಪಿಟ್ಯುಟರಿ ಗ್ರಂಥಿ ಅದನ್ನು ಕೇಳಿ ಅಂಡಾಶಯವನ್ನು ಎಬ್ಬಿಸುತ್ತದೆ. ಸೋಜಿಗವೆಂದರೆ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಎಚ್ಚರವಾಗಿಯೇ ಇರುವ ಈ ಏರ್ಪಾಟನ್ನು ಮಿದುಳೇ ಆಮೇಲೆ ವರ್ಷಗಟ್ಟಲೆ ಮಲಗಿಸಿಡುತ್ತದೆ. ಅಂದಮೇಲೆ ಪ್ರಾಯವೆಂಬುದು ಹೊಸ ಆರಂಭವಲ್ಲ, ಹಿಡಿದಿದ್ದ ಕೈ ಬಿಟ್ಟದ್ದು. ಕಿಸ್‌ಪೆಪ್ಟಿನ್ ಎಂಬ ವಸ್ತುವಿನ ಕರೆ ಕೇಳಿಸದಂತೆ ವಂಶವಾಹಿ ಕೆಟ್ಟವರಿಗೆ ಪ್ರಾಯವೇ ಬಾರದೆಂದು 2003ರಲ್ಲಿ ತಿಳಿಯಿತು. (ಆ ಹೆಸರಿನ ಮೂಲ ಅಮೆರಿಕದ ಹರ್ಷಿ ಎಂಬ ಊರಿನ ‘ಕಿಸ್’ ಚಾಕೊಲೇಟು, ವಿಜ್ಞಾನಿಗಳೂ ರಸಿಕರೇ!) 2013ರಲ್ಲಿ ಸಿಕ್ಕ ಇನ್ನೊಂದು ವಂಶವಾಹಿ, ಎಂಕೆಆರ್‌ಎನ್3, ತಡೆಹಿಡಿಯುವ ಕೈಯಂಥದು. ಅದು ಕೆಟ್ಟರೆ ಪ್ರಾಯ ತೀರ ಬೇಗ ಬರುತ್ತದೆ. ಅದರಲ್ಲಿ ಕೆಲಸ ಮಾಡುವುದು ತಂದೆಯಿಂದ ಬಂದ ಪ್ರತಿ ಮಾತ್ರ, ತಾಯಿಯದು ಮೌನ. ಎಲ್ಲಕ್ಕೂ ತಾಯಿಯನ್ನೇ ದೂರುವವರು ಇದನ್ನು ತಿಳಿಯುವುದು ಒಳ್ಳೆಯದು. ಇನ್ನು ಹೊಟ್ಟೆ ತುಂಬ ಊಟವಿದ್ದ ಕಡೆ ಪ್ರಾಯ ಮುಂಚೆ ಬರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ.

ಈ ಸರಪಳಿಯಲ್ಲಿ ಎಲ್ಲಿಯಾದರೂ ಹುಡುಗಿಯ ಒಪ್ಪಿಗೆ ಕೇಳಿದ್ದುಂಟೆ? ಹಿಂದುಮುಂದು ತೂಗಿ ನೋಡುವ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತರ ಆಚೆಗೆ. ಒಂದೇ ತಲೆಯಲ್ಲಿ ಎರಡು ಗಡಿಯಾರ. ಮೊದಲನೆಯದು ಹೊಡೆದೊಡನೆ ಎರಡನೆಯದೂ ಹೊಡೆಯಿತೆಂದು ನಂಬಿದ್ದರ ಬೆಲೆಯನ್ನು ತೆತ್ತವರು ಮಕ್ಕಳು. 1890ರಲ್ಲಿ ಕಲ್ಕತ್ತೆಯ ನ್ಯಾಯಾಲಯಕ್ಕೆ ಬಂದದ್ದು ಗಂಡನಿಂದ ಸತ್ತ ಫುಲ್ಮೋನಿ ಎಂಬ ಎಳೆಯ ಹೆಂಡತಿಯ ಕಥೆ. ಮರುವರ್ಷ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದಾಗ, ಮೈನೆರೆದೊಡನೆ ಗರ್ಭಾಧಾನ ಆಗಲೇಬೇಕೆಂದು ವಾದಿಸಿದ ಪಂಡಿತರಿದ್ದರು. ಮೈಸೂರು ಸಂಸ್ಥಾನ 1894ರಲ್ಲಿ ತಡೆದದ್ದು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು. 1929ರ ಶಾರದಾ ಕಾಯಿದೆ 14 ಎಂದಿತು. ಮೆಟ್ಟಿಲು ಹತ್ತುತ್ತ 1978ರಲ್ಲಿ ಅದು 18 ಆಯಿತು.

ಅಂಕಿಯೂ ಒರಟೇ, ಒಪ್ಪುತ್ತೇನೆ. ಹದಿನೆಂಟು ತುಂಬಿದ ಬೆಳಗ್ಗೆಯೂ ಆ ಹುಡುಗಿ “ನಿನ್ನೆ ಇದ್ದವಳೇ ಅಲ್ಲವೇ ನಾನು?” ಎಂದು ಕೇಳಬಹುದು. ಆದರೆ ಕಾಯಿದೆಯ ತಪ್ಪು ಅವಳನ್ನು ಕೊಂಚ ಕಾಯಿಸೀತು. ಮೈಯನ್ನು ನಂಬಿದ ತಪ್ಪು ಅವಳ ಬಾಲ್ಯವನ್ನೇ ನುಂಗುತ್ತಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

ಆ ಅಜ್ಜಿಯನ್ನು ಕಟುಕಿಯೆಂದು ತಿಳಿಯಬೇಡಿ. ಅವರ ಮದುವೆಯಾದದ್ದು ಹದಿನಾಲ್ಕರಲ್ಲಿ. ತಮಗೆ ಯಾರೂ ಹೇಳದ ಮಾತನ್ನು ಅವರು ಎಲ್ಲಿಂದ ತಂದಾರು? ಮೊನ್ನೆ ಅವರ ಹಿತ್ತಿಲ ಕಡೆ ಹೋಗಿದ್ದೆ. ಸೀಮೆಸುಣ್ಣ ಹಿಡಿದು, ಸೊಂಟ ಬಗ್ಗಿಸಿ, ಅಜ್ಜಿಯೇ ಮೊಮ್ಮಗಳಿಗೆ ಕುಂಟೆಬಿಲ್ಲೆಯ ಮನೆ ಬರೆದುಕೊಡುತ್ತಿದ್ದರು. ಬೀದಿಗೆ ಮಾತ್ರ ಇನ್ನೂ ಬಿಟ್ಟಿಲ್ಲ.