ಗುಟ್ಟಾಗಿ ಇಟ್ಟ ಸೂಜಿ

ಬನಶಂಕರಿ ದೇವಿಯ ದರ್ಶನ ಮುಗಿಸಿ ಹರಿದ್ರಾತೀರ್ಥದ ಕಡೆ ಹೊರಳಿದರೆ ತಲೆಯ ಮೇಲೆ ಬುಟ್ಟಿ ಹೊತ್ತ ತಾಯಂದಿರು ಎದುರಾಗುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ನಾವು ಕೂತಲ್ಲಿಗೇ ಬಂದು ಬಡಿಸುತ್ತಾರೆ. ‘ಇನ್ನೊಂದು ರೊಟ್ಟಿ ತಗೋರಿ ಯಕ್ಕಾ, ಒಂದ ರೊಟ್ಟ್ಯಾಗ ಏನಾಗತೈತಿ?’ ಎನ್ನುವ ಮಾತಿನಲ್ಲಿ ವ್ಯಾಪಾರಕ್ಕಿಂತ ಅಕ್ಕರೆಯೇ ಹೆಚ್ಚು. ಇಲ್ಲಿಯ ದೇವಿಯೇ ಶಾಕಂಬರಿ. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಪಲ್ಯದ ಹಬ್ಬದಂದು 108 ಬಗೆಯ ಪಲ್ಯಗಳ ನೈವೇದ್ಯ ಅವಳಿಗೆ. ಇಂಥ ನೆಲದಲ್ಲಿ ಊಟ ಬೇಡ ಎನ್ನುವುದು ಸುಲಭವಲ್ಲ. ಹಾಗಾಗಿ ಯಾರಾದರೂ ಅರ್ಧ ರೊಟ್ಟಿಗೇ ಕೈ ತೊಳೆದರೆ ಎಲ್ಲರ ಕಣ್ಣೂ ಅವರ ಮೇಲೆ. ‘ಹಸಿವಿಲ್ರಿ’ ಎಂದು ಅವರು ತಲೆ ತಗ್ಗಿಸುತ್ತಾರೆ. ನಿಜವಾದ ಕಾರಣ ಮನೆಯ ಫ್ರಿಜ್ಜಿನಲ್ಲಿರುತ್ತದೆ: ಇಳಕಲ್ ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ, ಮೊಸರಿನ ಪಾತ್ರೆಯ ಹಿಂದೆ ಯಾರಿಗೂ ಕಾಣದಂತೆ ಇಟ್ಟ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಸುವ ಔಷಧದ ಪೆನ್ನು.

ಈ ಔಷಧಗಳು ನಮ್ಮ ದೇಶದ ಅಂಗಡಿಗಳಿಗೆ ಬಂದು ಬಹಳ ದಿನವಾಗಿಲ್ಲ. ಟಿರ್ಜೆಪಟೈಡ್ ಎಂಬ ಔಷಧ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಬಂತು, ಸೆಮಾಗ್ಲುಟೈಡ್ ವೆಗೋವಿ ಎಂಬ ಹೆಸರಿನಲ್ಲಿ ಅದೇ ವರ್ಷದ ಜೂನ್‌ನಲ್ಲಿ. ಉಂಡಾಗ ನಮ್ಮ ಕರುಳೇ ಸ್ರವಿಸುವ ಹಾರ್ಮೋನಿನ ಕೆಲಸವನ್ನು ಇವು ಹೆಚ್ಚು ಹೊತ್ತು ಮಾಡುತ್ತವೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಮಿದುಳಿಗೆ ‘ಸಾಕು’ ಎಂಬ ಸುದ್ದಿ ಬೇಗ ಮುಟ್ಟುತ್ತದೆ. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ಮೊಣಕಾಲು ಹಿಡಿದು ಮೆಟ್ಟಿಲು ಹತ್ತುವವರಿಗೆ, ಸಕ್ಕರೆ ಕಾಯಿಲೆಯಲ್ಲಿ ಬಳಲುವವರಿಗೆ ಇದು ಸಣ್ಣ ಉಪಕಾರವಲ್ಲ. ಸ್ಥೂಲಕಾಯ ಒಂದು ವ್ಯಾಧಿ. ವ್ಯಾಧಿಗೆ ಔಷಧ ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾದ ಕಾರಣವೇ ಇಲ್ಲ. ಆದರೂ ಮುಚ್ಚಿಡುತ್ತಾರೆ, ಏಕೆಂದರೆ ನಾವು ಆಡಿಕೊಳ್ಳುತ್ತೇವೆ. ‘ಉಂಡು ಉಂಡು ದಪ್ಪಾದ್ಲು, ಈಗ ಸೂಜಿ ಚುಚ್ಚಿಕೊಂಡು ಸಣ್ಣ ಆಗಾಕ ಹೊಂಟಾಳ’ ಎಂಬ ಒಂದು ಮಾತು ಸಾಕು, ಪೆನ್ನು ಮೊಸರಿನ ಪಾತ್ರೆಯ ಹಿಂದೆ ಸೇರಲು. ಮನೆಯಲ್ಲಿ ಈ ಔಷಧ ಬಳಸುವಾಗ ಆಗುವ ಅಪಾಯಗಳಲ್ಲಿ ಎಷ್ಟೋ ಪಾಲು ಈ ಗುಟ್ಟಿನಿಂದಲೇ ಹುಟ್ಟುತ್ತವೆ ಎಂಬುದು ನನ್ನ ಎಣಿಕೆ.

ಮೊದಲು ಇಡುವ ಜಾಗವನ್ನೇ ನೋಡಿ. ತೆರೆಯದ ಪೆನ್ನು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಮುಚ್ಚಿಡುವ ಭರದಲ್ಲಿ ಹಿಂದಕ್ಕೆ ತಳ್ಳಿ ಅದು ಫ್ರೀಜರಿಗೆ ತಾಗಿ ಹೆಪ್ಪುಗಟ್ಟಿದರೆ, ಮತ್ತೆ ಕರಗಿದರೂ ಆ ಔಷಧ ಬಳಸುವಂತಿಲ್ಲ. ಹೊರಗೆ ಇಡಬಹುದಾದ ದಿನಗಳು ಔಷಧದಿಂದ ಔಷಧಕ್ಕೆ ಬೇರೆ. ಟಿರ್ಜೆಪಟೈಡ್ ಆದರೆ 21 ದಿನ, ಅದೂ 30 ಡಿಗ್ರಿಯೊಳಗೆ. ನಮ್ಮ ಬಾಗಲಕೋಟೆಯ ಬೇಸಿಗೆಯಲ್ಲಿ 30 ಡಿಗ್ರಿ ಎಲ್ಲಿ ಸಿಗುತ್ತದೆ? ಪಾದರಸ 40 ದಾಟುವ ಮಧ್ಯಾಹ್ನ, ಕರೆಂಟು ಹೋಗಿ ಎರಡು ತಾಸಾದ ಮನೆಯಲ್ಲಿ, ಆ ಚೀಲದೊಳಗೆ ಏನಿದೆ ಎಂದು ಗೊತ್ತಿಲ್ಲದವರು ಫ್ರಿಜ್ಜಿನ ಬಾಗಿಲನ್ನು ಮತ್ತೆ ಮತ್ತೆ ತೆಗೆಯುತ್ತಾರೆ, ಗೊತ್ತಿದ್ದವರು ಮುಚ್ಚಿಯೇ ಇರಿಸುತ್ತಾರೆ. ಸೀಸೆಯಿಂದ ಸಿರಿಂಜಿಗೆ ಎಳೆದುಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಚೀಟಿಯಲ್ಲಿ ಬರೆದದ್ದು ಮಿಲಿಗ್ರಾಂ, ಇನ್ಸುಲಿನ್ ಸಿರಿಂಜಿನ ಗೆರೆಗಳು ಯೂನಿಟ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಎಚ್ಚರಿಸಿದಂತೆ, ಈ ಲೆಕ್ಕ ತಪ್ಪಿ 5ರಿಂದ 20 ಪಟ್ಟು ಹೆಚ್ಚು ಸೆಮಾಗ್ಲುಟೈಡ್ ಚುಚ್ಚಿಕೊಂಡವರಿದ್ದರು. ಕೆಲವರು ಆಸ್ಪತ್ರೆ ಸೇರಬೇಕಾಯಿತು. ಮೊದಲ ಸಲ ವೈದ್ಯರ ಅಥವಾ ನರ್ಸಮ್ಮನವರ ಎದುರಿಗೇ ಎಳೆದು ತೋರಿಸಿ ಬರುವುದು ಒಳ್ಳೆಯದು. ಮತ್ತೆ, ಗೆಳತಿಯ ಪೆನ್ನಿನಿಂದ ‘ಒಂದ ಸಲ ನೋಡೂಣು’ ಎಂದು ಚುಚ್ಚಿಕೊಳ್ಳುವ ಮಾತೇ ಬೇಡ. ಸೂಜಿ ಹೊಸದಿದ್ದರೂ ಒಬ್ಬರ ಪೆನ್ನು ಒಬ್ಬರಿಗೇ. ರಕ್ತದಿಂದ ಹರಡುವ ರೋಗಗಳು ಪೆನ್ನಿನೊಳಗಿನಿಂದಲೂ ದಾಟಬಲ್ಲವು.

ದೇಹದ ವಿಷಯ ಇದಕ್ಕಿಂತ ಸೂಕ್ಷ್ಮ. ಔಷಧವನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ತಿಂಗಳಿಗೊಂದು ಮೆಟ್ಟಿಲಿನಂತೆ ಏರಿಸುತ್ತಾರೆ. ವೆಗೋವಿ 0.25 ಮಿಲಿಗ್ರಾಂನಿಂದ, ಮೌಂಜಾರೊ 2.5ರಿಂದ. ಹೊಟ್ಟೆಗೆ ಅದು ಒಗ್ಗಬೇಕು. ಮದುವೆ ಹತ್ತಿರ ಬಂತೆಂದು ಮೆಟ್ಟಿಲು ಹಾರಿದವರು ವಾಂತಿಯಲ್ಲಿ ದಿನ ಕಳೆಯುತ್ತಾರೆ, ನೀರೂ ಇಳಿಯದಿದ್ದರೆ ಕಿಡ್ನಿಗೆ ಪೆಟ್ಟು. ಸಕ್ಕರೆಗೆಂದು ಗ್ಲಿಮಿಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ದಿಢೀರನೆ ಕುಸಿಯಬಹುದು. ಮೇಲುಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಬ್ಬುವ, ನಿಲ್ಲದ ನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು; ಮುಂದಿನ ಸೂಜಿ ನಿಲ್ಲಿಸಿ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಈಗ ಯೋಚಿಸಿ: ನಡುರಾತ್ರಿ ಸೊಸೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಾಳೆ, ಅತ್ತೆ ಅಜೀರ್ಣವೆಂದು ಅಜವಾನದ ಕಷಾಯ ಕಾಸುತ್ತಿದ್ದಾಳೆ. ಪೆನ್ನಿನ ಸಂಗತಿ ಅತ್ತೆಗೆ ಗೊತ್ತಿಲ್ಲ. ಬಾಗಲಕೋಟೆಯ ದವಾಖಾನೆ ಮುಟ್ಟಿದರೂ ಏನು ಔಷಧ ನಡೆದಿದೆ ಎಂಬ ವೈದ್ಯರ ಮೊದಲ ಪ್ರಶ್ನೆಗೆ ಜೊತೆಗೆ ಬಂದವರಲ್ಲಿ ಉತ್ತರವಿಲ್ಲ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಔಷಧದ ಹೆಸರು, ಪ್ರಮಾಣ, ಚುಚ್ಚಿಕೊಳ್ಳುವ ವಾರ ಗೊತ್ತಿರಲೇಬೇಕು. ಹೆತ್ತವರಲ್ಲಿ, ಒಡಹುಟ್ಟಿದವರಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದಿತೇ ಎಂಬುದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮುಂಚೆ ಬಿಡಬೇಕು. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೂ ತಿಳಿಸಬೇಕು, ಜಠರದಲ್ಲಿ ಹಿಂದಿನ ದಿನದ ಊಟ ಉಳಿದಿರುವ ಸಂಭವ ಇರುವುದರಿಂದ.

ಹೇಳುವ ಧೈರ್ಯ ಅವರಿಗೆ ಬರಬೇಕಾದರೆ ಕೇಳುವ ಸಂಯಮ ನಮಗೆ ಬೇಕು. ಎಲೆಯ ಮುಂದೆ ಕೂತವರಿಗೆ ಒತ್ತಾಯಿಸಿ ಬಡಿಸುವುದನ್ನು ಬಿಡೋಣ. ಏನೂ ಉಣ್ಣದೆ ಏಳುತ್ತಿದ್ದರೆ ಸುಮ್ಮನೆ ನೋಡುತ್ತಲೂ ಇರಬಾರದು. ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಅರ್ಧ ರೊಟ್ಟಿಯೇ ಆಗಲಿ, ಜೊತೆಗೆ ಹೆಸರುಕಾಳು, ಮೊಸರು, ಒಂದಿಷ್ಟು ಶೇಂಗಾ ಇದ್ದರೆ ಆ ಊಟ ಮೈಗೆ ಹತ್ತುತ್ತದೆ. ಸಂಜೆ ನಡೆಯಲು ಜೊತೆಗೆ ಹೊರಟರಂತೂ ದೊಡ್ಡ ಸಹಾಯ. ಔಷಧ ನಿಲ್ಲಿಸಿದವರ ಮೇಲೆ ನಡೆದ ಅಧ್ಯಯನದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿ ಬಂದಿತ್ತು. ಹಾಗಾಗಿ ನಿಲ್ಲಿಸುವ ದಿನವನ್ನೂ ವೈದ್ಯರೊಡನೆ ಕೂತೇ ನಿಶ್ಚಯಿಸಬೇಕು. ಇನ್ನು ಬಳಸಿದ ಸೂಜಿ. ಗುಟ್ಟಿನ ಸೂಜಿ ಕಾಗದದಲ್ಲಿ ಸುತ್ತಿ ತರಕಾರಿ ಸಿಪ್ಪೆಯ ನಡುವೆ ಕಸದ ಗಾಡಿ ಸೇರುತ್ತದೆ, ಮರುಕ್ಷಣ ಪೌರಕಾರ್ಮಿಕರ ಬೆರಳಿಗೆ ಚುಚ್ಚುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜುಗಳನ್ನು ಅಪಾಯಕಾರಿ ಕಸವೆಂದೇ ಎಣಿಸಿದ್ದವು. ಪ್ರತಿ ಸಲ ಸೂಜಿ ತೆಗೆದು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ಡಬ್ಬವನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಮುಕ್ಕಾಲು ತುಂಬಿದಾಗ ಟೇಪು ಸುತ್ತಿ, ಮೇಲೆ ‘ಸೂಜಿ’ ಎಂದು ದೊಡ್ಡದಾಗಿ ಬರೆದು ಬೇರೆಯಾಗಿ ಕೊಡಿ. ಕೊಡುವಾಗ ಒಳಗೆ ಏನಿದೆ ಎಂದು ತೆಗೆದುಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.