ಅದು ಅಪ್ಪನ ಮನೆ, ಫಾದರ್



ಮನೆ ಆಶೀರ್ವಾದಕ್ಕೆಂದು ಹೋದ ಒಂದು ಮನೆಯಲ್ಲಿ ಷೋಕೇಸಿನ ಮೇಲೆ ಮರದ ಬೊಂಬೆಮನೆ ಕಂಡಿತು. ಎರಡು ಅಂತಸ್ತು, ಆರು ಕೋಣೆ, ಬೆರಳಗಲದ ಮೆಟ್ಟಿಲುಗಳು. ಮಗಳ ಪ್ರಥಮ ಪರಮಪ್ರಸಾದದ ಉಡುಗೊರೆಯಾಗಿ ತಂದೆ ಬಿಡಿ ಭಾಗಗಳ ಪೆಟ್ಟಿಗೆ ತರಿಸಿ ತಾವೇ ಜೋಡಿಸಿದ್ದರು. ಛಾವಣಿಗೆ ಅಂಟಿಸುವ ಪುಟ್ಟ ಮರದ ಹೆಂಚುಗಳ ಪೊಟ್ಟಣವೊಂದು ಮಾತ್ರ ಬಾಕಿ. "ನಿನ್ನ ಮನೆ ತೋರಿಸಮ್ಮ" ಎಂದೆ. ಹುಡುಗಿ ಕುಳಿತಲ್ಲಿಂದ ಏಳಲಿಲ್ಲ. "ಅದು ಅಪ್ಪನ ಮನೆ, ಫಾದರ್" ಎಂದಳು. ತಂದೆ ನಕ್ಕರು. ತಾಯಿ ನಗಲಿಲ್ಲ.

ಇಂಥ ಪೆಟ್ಟಿಗೆ ನೋಡದವರಿಗಾಗಿ ಹೇಳುತ್ತೇನೆ. ಅದರಲ್ಲಿ ತೆಳು ಪ್ಲೈವುಡ್ ಹಾಳೆಗಳಿರುತ್ತವೆ. ಗೋಡೆ, ನೆಲ, ಕಿಟಕಿಗಳನ್ನು ಅವುಗಳಲ್ಲೇ ಕತ್ತರಿಸಿ ಸಂಖ್ಯೆ ಹಾಕಿರುತ್ತಾರೆ. ಬಿಡಿಸಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಅಂಟು ಹಾಕುವ ಮೊದಲು ಎಲ್ಲವನ್ನೂ ಒಮ್ಮೆ ಬರಿದೇ ಕೂಡಿಸಿ ನೋಡಬೇಕು. ಒಳಗೋಡೆಗೆ ಬಣ್ಣ ಮೊದಲೇ ಆಗಬೇಕು, ಆಮೇಲೆ ಕೈ ಹೋಗುವುದಿಲ್ಲ. ಒಂದೇ ಬದಿಗೆ ಬಳಿದರೆ ಹಲಗೆ ಬಾಗುತ್ತದೆ. ಅಂಟು ಹಾಕಿದ ಮೇಲೆ ಟೇಪು ಸುತ್ತಿ ರಾತ್ರಿಯಿಡೀ ಬಿಡಬೇಕು. ಒಟ್ಟಿನಲ್ಲಿ ಅವಸರದವರಿಗೆ ಹೇಳಿದ ಕೆಲಸವಲ್ಲ.

ಮೊದಲ ಸಂಜೆ ಮಗಳು ಕಿಟಕಿಯ ಚೌಕಟ್ಟಿಗೆ ಫೆವಿಕಾಲ್ ಹೆಚ್ಚು ಸುರಿದಳಂತೆ; ಅದು ನೆಲದ ಹಲಗೆಗೂ ಇಳಿಯಿತು. ತಂದೆ ಗದರಲಿಲ್ಲ. "ಬಿಡು, ನಾನು ಮಾಡುತ್ತೇನೆ" ಎಂದು ಕೈಯಿಂದ ತೆಗೆದುಕೊಂಡರು, ಅಷ್ಟೇ. ಮರುದಿನದಿಂದ ಅವಳು ಮಲಗಿದ ಮೇಲೆ ಕೆಲಸ. ಮೂರು ವಾರದಲ್ಲಿ ಮನೆ ಎದ್ದಿತು, ಒಂದು ಓರೆಕೋರೆಯಿಲ್ಲದೆ.

ಮಕ್ಕಳಿಗಲ್ಲದ ಬೊಂಬೆಮನೆಗಳೂ ಲೋಕದಲ್ಲಿವೆ ಎನ್ನಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿಯದ್ದೊಂದಿದೆ. 1686ರಿಂದ 1710ರವರೆಗೆ ಅದನ್ನು ಸಜ್ಜುಗೊಳಿಸಲಾಯಿತು. ಅದಕ್ಕೆ ತಗುಲಿದ ಹಣದಲ್ಲಿ ಆಗ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ನೋಡಲು ಸೊಗಸು, ಮುಟ್ಟಲಿಕ್ಕಲ್ಲ. ಆದರೆ ನಮ್ಮ ಈ ತಂದೆ ಕಟ್ಟಲು ಹೊರಟದ್ದು ಅಂಥದ್ದನ್ನಲ್ಲವಲ್ಲ!

ಅಂದು ರಾತ್ರಿ ಶುಭಸಂದೇಶದ ಎರಡು ಮಾತುಗಳು ನನ್ನನ್ನು ಕಾಡಿದವು. ಪ್ರಭು ಯೇಸು ತಮ್ಮ ಊರಾದ ನಜರೇತಿನಲ್ಲಿ ಬೋಧಿಸಿದಾಗ ಜನ ಬೆರಗಾಗುತ್ತಾರೆ. ಮತ್ತಾಯನ 13ನೆಯ ಅಧ್ಯಾಯದಲ್ಲಿ ಅವರು ಯೇಸುವನ್ನು ಕರೆಯುವುದು ಬಡಗಿಯ ಮಗನೆಂದು. ಮಾರ್ಕನ 6ನೆಯ ಅಧ್ಯಾಯದಲ್ಲಿ ಬಡಗಿಯೆಂದೇ. ಬಡಗಿಯ ಮಗ ಬಡಗಿಯಾಗಬೇಕಾದರೆ ನಡುವೆ ಏನು ನಡೆದಿರಬೇಕು, ಯೋಚಿಸಿ. ಶುಭಸಂದೇಶ ಅದನ್ನು ಹೇಳುವುದಿಲ್ಲ. ಆದರೆ ಮರಗೆಲಸ ಬಲ್ಲ ಯಾರನ್ನಾದರೂ ಕೇಳಿ. ಮರ ಕೆಡಿಸದೆ ಕಲಿತವನಿಲ್ಲ. ಸಂತ ಜೋಸೆಫರು ದೇವಪುತ್ರನ ಎಳೆಗೈಗೆ ಉಳಿ ಕೊಟ್ಟು, ಗಿರಾಕಿಗೆ ಒಪ್ಪಿಸಬೇಕಾದ ಒಳ್ಳೆಯ ಹಲಗೆಯೊಂದು ಸೀಳಿದಾಗಲೂ ಮತ್ತೆ ಕೊಟ್ಟಿರಬೇಕು. ನಾನಂತೂ ಹಾಗೆಂದೇ ನಂಬಿದ್ದೇನೆ.

ಪೋಪ್ ಫ್ರಾನ್ಸಿಸರು 2020ರ ಡಿಸೆಂಬರ್ 8ರಂದು ಸಂತ ಜೋಸೆಫರ ಬಗ್ಗೆ ಬರೆದ 'ಪಾತ್ರಿಸ್ ಕೊರ್ದೆ' ಪ್ರೇಷಿತ ಪತ್ರದಲ್ಲಿ ಒಂದು ಕಠಿಣ ಮಾತಿದೆ. ತಾನಿಲ್ಲದೆಯೂ ಮಗು ನಡೆಯಬಲ್ಲದೆಂದು ಕಂಡು, ತಾನು ಬೇಡವಾದವನಾದಾಗಲೇ ತಂದೆಯ ತಂದೆತನ ಪೂರ್ಣವಾಗುತ್ತದೆ ಎಂಬ ಅರ್ಥದ ಮಾತು ಅದು. ಮಗು ತನ್ನ ಸ್ವತ್ತಲ್ಲ, ತನ್ನ ವಶಕ್ಕೆ ಒಪ್ಪಿಸಲ್ಪಟ್ಟದ್ದು ಎಂದು ಜೋಸೆಫರಿಗೆ ಗೊತ್ತಿತ್ತು ಎನ್ನುತ್ತಾರೆ ಅವರು.

ಪ್ರಿಯ ತಂದೆತಾಯಿಗಳೇ, ಸಂಜೆಯ ಜಪಸರದಲ್ಲಿ ಮಗು ಮುಂದಾಳಾಗಿ ನಿಂತು, ಹತ್ತು ನಮೋ ಮರಿಯದ ಬದಲು ಒಂಬತ್ತಕ್ಕೇ ನಿಲ್ಲಿಸಿದರೆ ನೀವೇನು ಮಾಡುತ್ತೀರಿ? ಕಾದು ಕೂರುತ್ತೀರೋ, ಮಣಿಯನ್ನು ಅದರ ಕೈಯಿಂದ ತೆಗೆದುಕೊಳ್ಳುತ್ತೀರೋ? ತೆಗೆದುಕೊಂಡರೆ ಜಪಸರ ಬೇಗ ಮುಗಿಯುತ್ತದೆ, ಸರಿಯಾಗಿಯೂ ಮುಗಿಯುತ್ತದೆ. ಕೆಲವು ವರ್ಷಗಳ ನಂತರ, ಮಕ್ಕಳು ಪ್ರಾರ್ಥನೆಗೆ ಕೂರುವುದಿಲ್ಲ ಫಾದರ್ ಎಂದು ನಮ್ಮ ಬಳಿ ಹೇಳಿಕೊಳ್ಳುತ್ತೀರಿ.

ಆ ತಂದೆಗೆ ನಾನೇನೂ ಉಪದೇಶ ಮಾಡಲಿಲ್ಲ. ಹೊರಡುವಾಗ ಹೆಂಚಿನ ಪೊಟ್ಟಣ ತೋರಿಸಿ, "ಇದನ್ನು ಯಾರು ಅಂಟಿಸುತ್ತಾರೆ?" ಎಂದಷ್ಟೇ ಕೇಳಿದೆ.

ಮರುವರ್ಷ ಹೋದಾಗ ಬೊಂಬೆಮನೆ ನೆಲದ ಮೇಲಿತ್ತು. ಅದರ ಅಡುಗೆಮನೆಯಲ್ಲಿ ಎರಡು ಕಡಲೆಕಾಯಿ, ಮಹಡಿಯಲ್ಲಿ ಕರವಸ್ತ್ರದ ಹಾಸಿಗೆ. ಹೆಂಚನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಹೊದಿಸುತ್ತಾರಲ್ಲ, ಕೆಳಗಿನ ಎರಡು ಸಾಲು ಪೂರಾ ಓರೆ, ಅಂಟು ಸೋರಿ ಒಣಗಿತ್ತು. ಮೂರನೆಯದು ಅಷ್ಟಿಷ್ಟು ನೆಟ್ಟಗೆ. ತಂದೆ ನನ್ನ ಪಕ್ಕದಲ್ಲೇ ನಿಂತು ಆ ಓರೆ ಸಾಲುಗಳನ್ನು ನೋಡುತ್ತಿದ್ದರು. ಕೈ ಎರಡೂ ಬೆನ್ನ ಹಿಂದಿದ್ದವು.